ಎರಡನೇ ದಿನದ ಕಾಲು: ಸೆವೆನ್ಸ್ ಟೂರ್ನಿ ದೇಹದಿಂದ ಕೇಳುವುದೇನು

ತಂಡಕ್ಕೆ 7 ಜನರಂತೆ ಆಡುವ ರಗ್ಬಿಯೇ ರಗ್ಬಿ ಸೆವೆನ್ಸ್. ಅದರ ಪಂದ್ಯ ಒಂದಕ್ಕೆ ಹಿಡಿಯುವುದು 14 ನಿಮಿಷ. 7 ನಿಮಿಷದ ಎರಡು ಅವಧಿ, ನಡುವೆ 2 ನಿಮಿಷ ಬಿಡುವು. 40 ನಿಮಿಷ ಕಬಡ್ಡಿ, 90 ನಿಮಿಷ ಫುಟ್‌ಬಾಲ್ ಆಡಿ ಅಭ್ಯಾಸ ಇರುವವರಿಗೆ ಇದು ಲೆಕ್ಕಕ್ಕೇ ಇಲ್ಲ ಅನ್ನಿಸುತ್ತದೆ. ಆದರೆ ಟೂರ್ನಿಗೆ ಹೋದವರು ಒಂದೇ ಪಂದ್ಯ ಆಡಿ ಮನೆಗೆ ಬರುವುದಿಲ್ಲ. ಎರಡು ದಿನದಲ್ಲಿ ಐದೋ ಆರೋ ಪಂದ್ಯ. ಮೊದಲನೆಯದು ಬೆಳಿಗ್ಗೆ ಒಂಬತ್ತಕ್ಕಾದರೆ ಮೂರನೆಯದು ಸಂಜೆ ನಾಲ್ಕಕ್ಕೆ, ಮರುದಿನ ಮತ್ತೆ ಅಷ್ಟೇ. ಆಟ ಬಲ್ಲ ತಂಡಗಳು ಎರಡನೇ ದಿನ ಮಧ್ಯಾಹ್ನ ಸೋಲುವುದು ಇಲ್ಲಿಯೇ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಶಾಲೆ, ಕಾಲೇಜು, ಕ್ಲಬ್ ತಂಡಗಳನ್ನು ತಯಾರು ಮಾಡುವ ಪಿ.ಟಿ. ಮೇಷ್ಟ್ರುಗಳನ್ನೂ ಆಟಗಾರರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ: ತಂಡ ಎಷ್ಟು ಜೋರಾಗಿ ಓಡಬಲ್ಲದು ಎನ್ನುವುದಕ್ಕಿಂತ, ಮೂರು ಗಂಟೆ ಬಿಟ್ಟು ಮತ್ತೆ ಅಷ್ಟೇ ಜೋರಾಗಿ ಓಡಬಲ್ಲದೇ ಎನ್ನುವುದನ್ನು ನೋಡಿ ತಯಾರಿ ಮಾಡಿಸಬೇಕು.

ಮೊದಲು ಒಂದು ಪಂದ್ಯದ ಲೆಕ್ಕ ನೋಡೋಣ. 15 ಜನರ ರಗ್ಬಿಗೂ 7 ಜನರ ರಗ್ಬಿಗೂ ಮೈದಾನ ಒಂದೇ. ಗೋಲ್ ಲೈನಿನಿಂದ ಗೋಲ್ ಲೈನಿಗೆ 100 ಮೀಟರ್ ತನಕ, ಅಗಲ 70 ಮೀಟರ್ ತನಕ. 15 ಜನ ಕಾಯುವ ಜಾಗವನ್ನು ಇಲ್ಲಿ 7 ಜನ ಕಾಯಬೇಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಜಿ.ಪಿ.ಎಸ್. ಕಟ್ಟಿ ಅಳೆದಾಗ ಪೂರ್ತಿ ಆಡಿದ ಆಟಗಾರ ಸುಮಾರು ಒಂದೂವರೆ ಕಿಲೋಮೀಟರ್ ಓಡಿರುತ್ತಾನೆ, ಅಂದರೆ ನಿಮಿಷಕ್ಕೆ 100 ಮೀಟರ್‌ಗೂ ಹೆಚ್ಚು. 15 ಜನರ ಆಟದಲ್ಲಿ ಇದು ನಿಮಿಷಕ್ಕೆ 65ರಿಂದ 80 ಮೀಟರ್ ಆಸುಪಾಸು. ಒಂದೂವರೆ ಕಿಲೋಮೀಟರನ್ನು ಒಂದೇ ಸಮನೆ ಓಡುವುದಾದರೆ ಹೈಸ್ಕೂಲ್ ಹುಡುಗರೂ ಓಡುತ್ತಾರೆ. ಇಲ್ಲಿ 30 ಮೀಟರ್ ಜೀವ ಬಿಟ್ಟು ಓಡಿ, ಥಟ್ಟನೆ ನಿಂತು, ತಿರುಗಿ, ಟ್ಯಾಕಲ್ ಮಾಡಿ (ಚೆಂಡು ಹಿಡಿದವನನ್ನು ಹಿಡಿದು ಕೆಡವಿ), ನೆಲಕ್ಕೆ ಬಿದ್ದು, ಎದ್ದು, ರಕ್‌ನಲ್ಲಿ (ನೆಲದ ಮೇಲಿನ ಚೆಂಡಿಗಾಗಿ ಎರಡೂ ಕಡೆಯವರ ತಳ್ಳಾಟ) ತಳ್ಳಿ, ಮತ್ತೆ ಸಾಲಿಗೆ ಸೇರಿಕೊಳ್ಳಬೇಕು. ಪಂದ್ಯದ ಬಹುಪಾಲು ಸಮಯ ಎದೆಬಡಿತ ಗರಿಷ್ಠ ಮಟ್ಟದ ಶೇ. 80ಕ್ಕಿಂತ ಮೇಲೇ ಇರುತ್ತದೆ. ಬಿದ್ದು ಏಳುವುದು ಓಟಕ್ಕಿಂತ ಹೆಚ್ಚು ದಣಿಸುತ್ತದೆ ಎನ್ನುವುದನ್ನು ತರಬೇತಿಯಲ್ಲಿ ಬಹಳ ಜನ ಮರೆಯುತ್ತಾರೆ.

ಇನ್ನೊಂದು ನಿಯಮವೂ ಕಾಲು ಸುಸ್ತು ಮಾಡುತ್ತದೆ. ಸೆವೆನ್ಸ್‌ನಲ್ಲಿ ಅಂಕ ಗಳಿಸಿದ ತಂಡವೇ ಮತ್ತೆ ಕಿಕ್‌ಆಫ್ ಮಾಡಬೇಕು. 60 ಮೀಟರ್ ಓಡಿ ಟ್ರೈ ಹಾಕಿದವನು (ಎದುರಾಳಿಯ ಗೋಲ್ ಲೈನಿನಾಚೆ ಚೆಂಡನ್ನು ನೆಲಕ್ಕೆ ಒತ್ತಿದವನು) ಉಸಿರು ಸುಧಾರಿಸಿಕೊಳ್ಳುವ ಮೊದಲೇ ಕನ್ವರ್ಷನ್‌ಗೆ (ಟ್ರೈ ಆದ ಮೇಲೆ ಗೋಲ್ ಕಂಬಗಳ ನಡುವೆ ಚೆಂಡು ಒದೆಯಲು) ಕೊಟ್ಟ 30 ಸೆಕೆಂಡ್ ಮುಗಿದಿರುತ್ತದೆ. ಮಧ್ಯದ ಗೆರೆಗೆ ವಾಪಸು ಬಂದು ಮತ್ತೆ ಚೆಂಡಿನ ಹಿಂದೆ ಓಡಬೇಕು. ಹಳದಿ ಕಾರ್ಡ್ ಸಿಕ್ಕಿದರೆ 2 ನಿಮಿಷ 6 ಜನರೇ 70 ಮೀಟರ್ ಅಗಲ ಕಾಯಬೇಕು. ಆ 2 ನಿಮಿಷದ ದಣಿವು ಮುಂದಿನ ಪಂದ್ಯದಲ್ಲೂ ಕಾಣಿಸುತ್ತದೆ.

ಈಗ ಟೂರ್ನಿಯ ಲೆಕ್ಕ. ಒಂದು ಪಂದ್ಯಕ್ಕೆ 7 ಜನ, ತಲಾ 14 ನಿಮಿಷ, ಒಟ್ಟು 98 ಆಟಗಾರ-ನಿಮಿಷ. 6 ಪಂದ್ಯಕ್ಕೆ 588. ತಂಡದಲ್ಲಿ 12 ಜನ ಇದ್ದು ಸಮನಾಗಿ ಹಂಚಿದರೆ ತಲೆಗೆ 49 ನಿಮಿಷ. ಅದೇ ಏಳು ಜನರನ್ನೇ ಎಲ್ಲ ಪಂದ್ಯಕ್ಕೂ ಇಳಿಸಿದರೆ ಅವರಿಗೆ 84 ನಿಮಿಷ, ಉಳಿದ ಐವರಿಗೆ ಸೊನ್ನೆ. 15 ಜನರ ಪೂರ್ಣ ಪಂದ್ಯವೇ 80 ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು, ಅದಕ್ಕಿಂತ ಹೆಚ್ಚು ವೇಗದಲ್ಲಿ, ಎರಡೇ ದಿನದಲ್ಲಿ ಆಡಿಸಿದಂತಾಯಿತು. 15 ಜನರ ರಗ್ಬಿಯ 2023ರ ಪುರುಷರ ವಿಶ್ವಕಪ್‌ನಲ್ಲಿ ಪ್ರತಿ ತಂಡಕ್ಕೂ ಪಂದ್ಯಗಳ ನಡುವೆ ಕನಿಷ್ಠ 5 ದಿನ ವಿಶ್ರಾಂತಿ ಸಿಗುವ ಹಾಗೆ ವೇಳಾಪಟ್ಟಿ ಮಾಡಿದ್ದರು ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ.

ಗಾಯದ ಲೆಕ್ಕವನ್ನೂ ಇದೇ ಅಂಕಿಯಿಂದ ತೆಗೆಯಬಹುದು. ಅಂತರರಾಷ್ಟ್ರೀಯ ಸೆವೆನ್ಸ್‌ನಲ್ಲಿ 1000 ಆಟಗಾರ-ಗಂಟೆಗೆ ಸುಮಾರು 100 ಗಾಯಗಳಾಗುತ್ತವೆ. ಒಂದು ದಿನಕ್ಕಿಂತ ಹೆಚ್ಚು ಆಟದಿಂದ ದೂರ ಇರಬೇಕಾದ ಗಾಯಗಳನ್ನು ಮಾತ್ರ ಇಲ್ಲಿ ಎಣಿಸಿರುತ್ತಾರೆ. 588 ನಿಮಿಷ ಎಂದರೆ 9.8 ಗಂಟೆ. ಹಾಗಾಗಿ ಒಂದು ಟೂರ್ನಿಗೆ ಒಂದು ತಂಡದಿಂದ ಹೆಚ್ಚುಕಡಿಮೆ ಒಬ್ಬ ಹೊರಗೆ ಬೀಳುತ್ತಾನೆ ಎಂದುಕೊಂಡೇ ಹೊರಡಬೇಕು. ಬೆಂಚಿನಲ್ಲಿರುವ ಐವರಿಗೆ ಮೊದಲ ದಿನ ಆಟ ಕೊಡದ ಕೋಚ್, ಎರಡನೇ ದಿನ ಸೆಮಿಫೈನಲ್‌ನಲ್ಲಿ ಬಿಸಿ ಹತ್ತದ ಹುಡುಗನನ್ನು ಏಕಾಏಕಿ ಇಳಿಸಬೇಕಾಗುತ್ತದೆ.

ಇದಕ್ಕೆ ಒಂದು ನೋಟ್‌ಬುಕ್, ಒಂದು ಸ್ಟಾಪ್‌ವಾಚ್ ಸಾಕು. ಪ್ರತಿ ಆಟಗಾರನ ಹೆಸರಿನ ಮುಂದೆ ಪ್ರತಿ ಪಂದ್ಯದಲ್ಲಿ ಆಡಿದ ನಿಮಿಷ ಬರೆಯುತ್ತ ಹೋಗಿ. ಮೊದಲ ದಿನದ ಮೂರು ಪಂದ್ಯಗಳ 42 ನಿಮಿಷದಲ್ಲಿ ಯಾರಿಗೂ 32 ದಾಟದಂತೆ ನೋಡಿಕೊಳ್ಳಿ. ವಿರಾಮದಲ್ಲಿ ಇಬ್ಬರು, ದ್ವಿತೀಯಾರ್ಧದ ಮೂರನೇ ನಿಮಿಷಕ್ಕೆ ಇನ್ನಿಬ್ಬರು, ಪಂದ್ಯದಿಂದ ಪಂದ್ಯಕ್ಕೆ ಬೇರೆಬೇರೆಯವರು ಬದಲಾದರೆ ಇದು ಸಾಧ್ಯ. ಗೆಲ್ಲುವುದು ಖಾತ್ರಿಯಾದ ಪಂದ್ಯದಲ್ಲಿ ಒಳ್ಳೆಯ ಆಟಗಾರರನ್ನು ಹೊರಗೆ ಕರೆಯಲು ಮನಸ್ಸು ಬರುವುದಿಲ್ಲ, ಅವರಿಗೂ ಬೇಸರ. ಆದರೂ ಕರೆಯಬೇಕು.

ಇನ್ನು ನೆಲದ ವಿಷಯ. ಟಿ.ವಿ.ಯಲ್ಲಿ ಕಾಣುವ ಹುಲ್ಲಿನ ಮೈದಾನ ನಮ್ಮ ಮೂರು ಜಿಲ್ಲೆಗಳಲ್ಲಿ ಅಪರೂಪ. ಸಿಗುವುದು ಕೆಂಪು ಮಣ್ಣು, ಅದರಲ್ಲಿ ಸಣ್ಣ ಗರಸು ಕಲ್ಲು. ಡಿಸೆಂಬರ್ ಕಳೆದ ಮೇಲೆ ಅದು ಒಣಗಿ ಗಟ್ಟಿಯಾಗುತ್ತದೆ. ಹುಲ್ಲಿನ ಮೇಲೆ ಟ್ಯಾಕಲ್ ಆದಾಗ ನೆಲವೂ ಸ್ವಲ್ಪ ಹೊಡೆತ ಹೀರಿಕೊಳ್ಳುತ್ತದೆ. ಇಲ್ಲಿ ಎಲ್ಲ ಹೊಡೆತವೂ ಮೈಗೇ. ಮಂಡಿ, ಮೊಣಕೈ, ಸೊಂಟದ ಪಕ್ಕ ತರಚುತ್ತದೆ, ಮೊಣಕಾಲ ಕೆಳಗಿನ ಮುಂದಿನ ಮೂಳೆ ನೋಯಲು ಶುರುವಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ತಲೆ ನೆಲಕ್ಕೆ ಬಡಿಯುವ ಅಪಾಯ ಹೆಚ್ಚು.

ಪರೀಕ್ಷೆ ಸುಲಭ. ಉದ್ದನೆಯ ಸ್ಕ್ರೂಡ್ರೈವರ್ ತಂದು ಮೈದಾನದ ಹತ್ತು ಕಡೆ ಅಂಗೈಯಲ್ಲಿ ಒತ್ತಿ ನೋಡಿ. ಮೂರು ನಾಲ್ಕು ಸೆಂಟಿಮೀಟರ್ ಇಳಿದರೆ ಟ್ಯಾಕಲ್ ಅಭ್ಯಾಸ ಮಾಡಿಸಬಹುದು. ಒಂದು ಸೆಂಟಿಮೀಟರ್ ಕೂಡ ಇಳಿಯದಿದ್ದರೆ ಆ ದಿನ ಟಚ್ ರಗ್ಬಿ (ಕೆಡವದೆ ಬರೀ ಮುಟ್ಟಿ ಆಡುವುದು), ಪಾಸ್, ಓಟ ಮಾತ್ರ. ‘ಟ್ಯಾಂಕರ್ ನೀರು ಹಾಕಿಸೋಣ’ ಎನ್ನುವವರು ಒಮ್ಮೆ ಲೆಕ್ಕ ಹಾಕಬೇಕು. 100 ಮೀಟರ್ ಉದ್ದ, 70 ಮೀಟರ್ ಅಗಲ ಎಂದರೆ 7,000 ಚದರ ಮೀಟರ್. ಅದರ ಮೇಲೆ 1 ಮಿಲಿಮೀಟರ್ ನೀರು ನಿಲ್ಲಬೇಕಾದರೆ 7,000 ಲೀಟರ್ ಬೇಕು. 5,000 ಲೀಟರಿನ ಒಂದು ಟ್ಯಾಂಕರ್ ಧೂಳು ಅಡಗಿಸುತ್ತದೆ, ನೆಲ ಮೆತ್ತಗೆ ಮಾಡುವುದಿಲ್ಲ. 10 ಮಿಲಿಮೀಟರ್ ಇಳಿಸಬೇಕಾದರೆ 14 ಟ್ಯಾಂಕರ್. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಇದನ್ನು ಕೇಳುವುದೂ ಸರಿಯಲ್ಲ. ನೆಲ ಸಡಿಲಿಸಲು ಟ್ರ್ಯಾಕ್ಟರ್‌ನಿಂದ ತೆಳುವಾಗಿ ಕೆರೆಸಿ, ಕಲ್ಲು ಆರಿಸಿ, ಹಗುರವಾಗಿ ರೋಲರ್ ಎಳೆಸುವುದು ಹೆಚ್ಚು ಉಪಯೋಗ. ಅದಕ್ಕಿಂತ ಒಳ್ಳೆಯದು ತಿಂಗಳು ನೋಡಿ ಟೂರ್ನಿ ಇಡುವುದು. ಈ ಜಿಲ್ಲೆಗಳಿಗೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರಗಳಲ್ಲಿ ಇಲ್ಲಿನ ನೆಲವೂ ಬಿಸಿಲೂ ರಗ್ಬಿಗೆ ಹೇಳಿ ಮಾಡಿಸಿದ ಹಾಗಿರುತ್ತವೆ. ಪರೀಕ್ಷೆ ಮುಗಿದ ಮೇಲೆ ಎಂದು ಏಪ್ರಿಲ್‌ನಲ್ಲಿ ಇಟ್ಟರೆ ಎರಡೂ ನಮಗೆ ವಿರುದ್ಧ.

ಗಟ್ಟಿ ನೆಲಕ್ಕೆ ಉದ್ದನೆಯ ಲೋಹದ ಸ್ಟಡ್ ಇರುವ ಬೂಟು ಬೇಡ. ಸ್ಟಡ್ ನೆಲದೊಳಗೆ ಇಳಿಯದೆ ಪಾದ ಅದರ ಮೇಲೆ ನಿಂತಂತಾಗುತ್ತದೆ, ಪಾದದ ಗಂಟು ಹೊರಳುತ್ತದೆ. ಗಿಡ್ಡನೆಯ ರಬ್ಬರ್ ಸ್ಟಡ್ ಹೆಚ್ಚು ಇರುವ ಬೂಟು ಒಳ್ಳೆಯದು. ಹೊಸ ಬೂಟನ್ನು ಟೂರ್ನಿಗೆ ಮೊದಲ ಬಾರಿ ಹಾಕಬಾರದು. ಮೊದಲ ದಿನದ ಬೊಕ್ಕೆ ಎರಡನೇ ದಿನ ಓಟದ ರೀತಿಯನ್ನೇ ಬದಲಿಸಿಬಿಡುತ್ತದೆ. ತರಚಿದ ಗಾಯವನ್ನು ಪ್ರತಿ ಪಂದ್ಯ ಮುಗಿದ ಕೂಡಲೇ ಹರಿಯುವ ನೀರು, ಸೋಪಿನಿಂದ ತೊಳೆದು ಮಣ್ಣಿನ ಕಣ ತೆಗೆಯಬೇಕು. ಅರಿಶಿನ, ಪೌಡರ್ ಮೆತ್ತಿ ಮುಚ್ಚಿದರೆ ಒಳಗೆ ಕೀವಾಗುತ್ತದೆ. ಟಿ.ಟಿ. ಇಂಜೆಕ್ಷನ್ ಯಾವಾಗ ಆಗಿದೆ ಎಂದು ಹೊರಡುವ ಮೊದಲೇ ಎಲ್ಲರದ್ದೂ ಕೇಳಿ ಬರೆದುಕೊಳ್ಳಿ.

ನಮ್ಮ ಕಡೆ ರಗ್ಬಿಗೆ ಬರುವವರಲ್ಲಿ ಕಬಡ್ಡಿ ಆಡಿದವರು ಬಹಳ. ಅದೊಂದು ದೊಡ್ಡ ಆಸ್ತಿ. ಬಗ್ಗಿ ನಿಲ್ಲುವುದು, ತೊಡೆ ಹಿಡಿಯುವ ಧೈರ್ಯ, ಎದುರಾಳಿಯ ಸೊಂಟ ನೋಡಿ ದಿಕ್ಕು ಊಹಿಸುವುದು ಇವರಿಗೆ ಕಲಿಸಬೇಕಾಗಿಲ್ಲ. ಆದರೆ ನಾಲ್ಕು ಅಭ್ಯಾಸ ಬಿಡಿಸಬೇಕು. ಮೊದಲನೆಯದು ಡ್ಯಾಶ್. ಕಬಡ್ಡಿಯಲ್ಲಿ ಭುಜದಿಂದ ಗುದ್ದಿ ಗೆರೆಯಾಚೆ ತಳ್ಳಿದರೆ ಪಾಯಿಂಟ್. ರಗ್ಬಿಯಲ್ಲಿ ಕೈ ಸುತ್ತದೆ ಗುದ್ದಿದರೆ ಪೆನಾಲ್ಟಿ, ಜೋರಾಗಿದ್ದರೆ ಕಾರ್ಡ್. ಎರಡನೆಯದು ತಲೆಯ ಜಾಗ, ಇದೇ ಎಲ್ಲಕ್ಕಿಂತ ಅಪಾಯದ್ದು. ತೊಡೆಗೆ ಹಾರುವಾಗ ಕಬಡ್ಡಿ ಆಟಗಾರನ ತಲೆ ಅನೇಕ ಬಾರಿ ಎದುರಾಳಿಯ ಮೊಣಕಾಲಿನ ಮುಂದೆ ಹೋಗುತ್ತದೆ. ರೈಡರ್ ನಿಂತ ಜಾಗದಲ್ಲೇ ಆಡುವಾಗ ಅದು ನಡೆದೀತು. ಸೆಕೆಂಡಿಗೆ 7–8 ಮೀಟರ್ ವೇಗದಲ್ಲಿ ಬರುವವನ ಮೊಣಕಾಲಿಗೆ ತಲೆ ಸಿಕ್ಕರೆ ಪ್ರಜ್ಞೆಯೇ ಹೋಗುತ್ತದೆ. ಪಕ್ಕದಿಂದ ಹಿಡಿಯುವಾಗ ತಲೆ ಯಾವಾಗಲೂ ಅವನ ಬೆನ್ನಿನ ಕಡೆ, ಕೆನ್ನೆ ಅವನ ಪೃಷ್ಠಕ್ಕೆ ಒತ್ತಿರಬೇಕು, ಕಣ್ಣು ತೆರೆದಿರಬೇಕು. ಮೂರನೆಯದು, ಕಾದು ನಿಲ್ಲುವುದು. ಇಲ್ಲಿ ಮುಂದೆ ನುಗ್ಗಿ ಅಂತರ ಕಡಿಮೆ ಮಾಡಿ, ಕೊನೆಯ ಎರಡು ಮೂರು ಹೆಜ್ಜೆ ಚಿಕ್ಕದು ಮಾಡಿ, ಒಂದು ಪಾದವನ್ನು ಅವನ ಹತ್ತಿರ ಊರಿ ಭುಜ ಕೊಡಬೇಕು. ನಾಲ್ಕನೆಯದು, ಹಿಡಿದ ಮೇಲೆ ಬಿಡದಿರುವುದು. ನೆಲಕ್ಕೆ ಬಿದ್ದ ಕೂಡಲೇ ಕೈ ಬಿಟ್ಟು ಪಕ್ಕಕ್ಕೆ ಹೊರಳಿ ಏಳಬೇಕು, ಇಲ್ಲದಿದ್ದರೆ ಪೆನಾಲ್ಟಿ.

ಇದನ್ನು ಮೊದಲು ಮಂಡಿಯೂರಿ, ಆಮೇಲೆ ನಡೆಯುತ್ತ, ಆಮೇಲೆ ನಿಧಾನ ಓಟದಲ್ಲಿ, ಕೊನೆಗೆ ಪೂರ್ತಿ ವೇಗದಲ್ಲಿ ಕಲಿಸಿ. ಎಡ ಭುಜ, ಬಲ ಭುಜ ಎರಡಕ್ಕೂ ಸಮನಾಗಿ. ದಣಿದಾಗ ಆಟಗಾರ ತನ್ನ ಹಳೆಯ ಅಭ್ಯಾಸಕ್ಕೇ ಮರಳುತ್ತಾನೆ. ಐದನೇ ಪಂದ್ಯದ ಕೊನೆಯ ನಿಮಿಷದಲ್ಲಿ ತಲೆ ತಪ್ಪು ಕಡೆ ಹೋಗುವುದು ಅದಕ್ಕೇ. ಹಾಗಾಗಿ ಅಭ್ಯಾಸದ ಕೊನೆಗೆ, ಸುಸ್ತಾದ ಮೇಲೆ, ಮೆತ್ತನೆಯ ನೆಲದಲ್ಲಿ ನಾಲ್ಕೈದು ಟ್ಯಾಕಲ್ ಮಾಡಿಸಿ ತಲೆ ಎಲ್ಲಿದೆ ಎಂದು ಮಾತ್ರ ನೋಡಿ.

ದೇಹದ ತಯಾರಿಗೆ 8 ವಾರ ಬೇಕು, 6ಕ್ಕಿಂತ ಕಡಿಮೆಯಾದರೆ ಕಷ್ಟ. ವಾರಕ್ಕೆ ಎರಡು ದಿನ ಬಿದ್ದೇಳುವ ಓಟ: ಎದೆ ನೆಲಕ್ಕೆ ತಾಗಿಸಿ ಮಲಗಿ, ಸೀಟಿಗೆ ಎದ್ದು 30 ಮೀಟರ್ ಪೂರ್ತಿ ವೇಗ. 25 ಸೆಕೆಂಡಿಗೊಂದು ಸೀಟಿ, ಹೀಗೆ 6 ಸಲ ಒಂದು ಸೆಟ್. 3 ನಿಮಿಷ ನಡೆದಾಡಿ ಮತ್ತೆ. 3 ಸೆಟ್‌ನಿಂದ ಶುರು ಮಾಡಿ ಆರನೇ ವಾರಕ್ಕೆ 5 ಸೆಟ್ ಮುಟ್ಟಬಹುದು. ಆರನೇ ಓಟ ಮೊದಲನೆಯದಕ್ಕಿಂತ ಅರ್ಧ ಸೆಕೆಂಡಿಗೂ ಹೆಚ್ಚು ನಿಧಾನವಾಗುತ್ತಿದ್ದರೆ ಸೆಟ್ ಹೆಚ್ಚಿಸಬೇಡಿ. ನಿಧಾನವಾಗಿ ಓಡುವುದನ್ನೇ ಕಲಿಸಿದಂತಾಗುತ್ತದೆ.

ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗೆ ನಾರ್ಡಿಕ್ ವ್ಯಾಯಾಮಕ್ಕಿಂತ ಅಗ್ಗದ್ದೂ ಒಳ್ಳೆಯದೂ ಇನ್ನೊಂದಿಲ್ಲ. ಮಂಡಿಯೂರಿ ಕೂತವನ ಹಿಮ್ಮಡಿಯನ್ನು ಜೊತೆಗಾರ ಒತ್ತಿ ಹಿಡಿಯಬೇಕು. ಇವನು ಸೊಂಟ ಬಗ್ಗಿಸದೆ ಮೈ ನೆಟ್ಟಗಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ಇಳಿದು ಕೊನೆಗೆ ಕೈ ಊರಬೇಕು. ಮೊದಲ ವಾರ 5ರ 2 ಸೆಟ್, ಆಮೇಲೆ 8ರ 3 ಸೆಟ್ ತನಕ. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕತ್ತಿಗೆ ಅಂಗೈಯನ್ನು ಹಣೆ, ಹಿಂದಲೆ, ಎರಡು ಪಕ್ಕಗಳಿಗೆ ಒತ್ತಿ, ತಲೆ ಅಲುಗದಂತೆ 10 ಸೆಕೆಂಡ್ ತಡೆಯುವ ವ್ಯಾಯಾಮ ದಿನಾ ಮಾಡಿಸಿ. ಅಂತರರಾಷ್ಟ್ರೀಯ ರಗ್ಬಿ ಸಂಸ್ಥೆಯಾದ ವರ್ಲ್ಡ್ ರಗ್ಬಿಯ ‘ಆಕ್ಟಿವೇಟ್’ ಎಂಬ 20 ನಿಮಿಷದ ವಾರ್ಮ್‌ಅಪ್ ಕ್ರಮದಲ್ಲಿ ಇಂಥವೆಲ್ಲ ಇವೆ. ಇಂಗ್ಲೆಂಡಿನ ಶಾಲಾ ತಂಡಗಳಲ್ಲಿ ಇದನ್ನು ವಾರಕ್ಕೆ ಮೂರು ಬಾರಿ ಮಾಡಿದವರಿಗೆ ಪಂದ್ಯದ ಗಾಯ ಶೇ. 72ರಷ್ಟು, ತಲೆಪೆಟ್ಟು ಶೇ. 59ರಷ್ಟು ಕಡಿಮೆಯಾಗಿತ್ತು. ಯಾವ ಉಪಕರಣವೂ ಬೇಡ. ನಮ್ಮ ಗರಡಿಯ ದಂಡ, ಬೈಠಕ್, ಮರಳಿನ ಮೂಟೆ ಎತ್ತುವುದು ಇದರ ಜೊತೆಗೆ ಚೆನ್ನಾಗಿ ಹೊಂದುತ್ತವೆ. ಮೈತೂಕ ಕಡಿಮೆ ಎಂದು ಹೆದರಬೇಕಿಲ್ಲ: 60 ಕೆ.ಜಿ. ಆಟಗಾರ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬಂದರೆ, 80 ಕೆ.ಜಿ. ಆಟಗಾರ 6 ಮೀಟರ್ ವೇಗದಲ್ಲಿ ತರುವಷ್ಟೇ ನೂಕು ತರುತ್ತಾನೆ.

ಬೆಟ್ಟದ ಬಗ್ಗೆ ಒಂದು ಮಾತು. ನಂದಿ, ದೇವರಾಯನದುರ್ಗ, ಅಂತರಗಂಗೆ ಹತ್ತಿ ಇಳಿಯುವುದು ನಮ್ಮ ಹುಡುಗರಿಗೆ ಇಷ್ಟ. ಹತ್ತುವುದು ಉಸಿರಿಗೆ ಒಳ್ಳೆಯದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ, ಅದರಿಂದ ಬರುವ ನೋವು ಎರಡನೇ ದಿನ ಹೆಚ್ಚಾಗುತ್ತದೆ. ಟೂರ್ನಿಗೆ 10 ದಿನ ಇರುವಾಗಿನಿಂದ ಬೆಟ್ಟ ಬೇಡ. ಆ 10 ದಿನ ಓಟದ ಪ್ರಮಾಣ ಅರ್ಧಕ್ಕೆ ಇಳಿಸಿ, ವೇಗ ಮಾತ್ರ ಇಳಿಸಬೇಡಿ. ಅದಕ್ಕೂ ಮುಂಚಿನ ಒಂದು ಭಾನುವಾರ ಪೂರ್ತಿ ರಿಹರ್ಸಲ್ ನಡೆಸಿ: 14 ನಿಮಿಷದ 3 ಪಂದ್ಯ, ಎರಡೂವರೆ ಗಂಟೆ ಅಂತರ, ಟೂರ್ನಿಯಲ್ಲಿ ತಿನ್ನಬೇಕೆಂದಿರುವ ಊಟವೇ. ಯಾರ ಹೊಟ್ಟೆ ಏನು ತಡೆಯುತ್ತದೆ ಎಂದು ಗೊತ್ತಾಗುವುದು ಆಗಲೇ.

ಪಂದ್ಯ ಮುಗಿಯಿತು, ಮುಂದಿನದಕ್ಕೆ ಮೂರು ಗಂಟೆ ಇದೆ. ಮೊದಲ 5–10 ನಿಮಿಷ ಕೂರದೆ ನಡೆದಾಡಬೇಕು. ಬೂಟು ಬಿಚ್ಚಿ, ಬೆವರಿನ ಅಂಗಿ ಬದಲಿಸಿ, ನೆರಳಿಗೆ. ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಹೋಗಬೇಕು. ಸ್ನಾಯುಗಳಲ್ಲಿ ಖರ್ಚಾದ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಬೇಗ ತುಂಬಲು ಮೈತೂಕದ ಪ್ರತಿ ಕೆ.ಜಿ.ಗೆ ಗಂಟೆಗೆ 1ರಿಂದ 1.2 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. 65 ಕೆ.ಜಿ. ಹುಡುಗನಿಗೆ ಗಂಟೆಗೆ 65–78 ಗ್ರಾಂ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, 25 ಗ್ರಾಂ ಬೆಲ್ಲದ ತುಂಡಿನಲ್ಲಿ 24, 50 ಗ್ರಾಂ ಒಣ ಅವಲಕ್ಕಿಯಲ್ಲಿ 38, ಒಂದು ಬಟ್ಟಲು ಅನ್ನದಲ್ಲಿ 40 ಗ್ರಾಂ ಸಿಗುತ್ತದೆ. ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲ ತಿಂದರೆ ಮೊದಲ ಗಂಟೆಯ ಲೆಕ್ಕ ಆಯಿತು. ಆಮೇಲೆ ಎಣ್ಣೆ ಕಡಿಮೆ ಹಾಕಿದ ಮೊಸರನ್ನವೋ, ಇಡ್ಲಿಯೋ, ಮೊಸರವಲಕ್ಕಿಯೋ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇದಕ್ಕೆ ತುಂಬ ಒಳ್ಳೆಯದು, ಪಕ್ಕದ ವಡೆಯನ್ನೂ ಮೇಲಿನ ಬೆಣ್ಣೆಯನ್ನೂ ಸಂಜೆಗೆ ಇಟ್ಟುಕೊಂಡರೆ. ಮುಂದಿನ ಪಂದ್ಯಕ್ಕೆ 75 ನಿಮಿಷ ಇರುವಾಗ ಗಟ್ಟಿ ಆಹಾರ ನಿಲ್ಲಬೇಕು.

ಮುದ್ದೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ರಾಗಿ ಮುದ್ದೆ ಹಿಂದಿನ ರಾತ್ರಿಗೆ ಬಹಳ ಒಳ್ಳೆಯದು, ಬಸ್ಸಾರು, ಮೂರು ಮೊಟ್ಟೆ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಪಂದ್ಯಗಳ ನಡುವೆ ಬೇಡ. ನಾರು ಹೆಚ್ಚು, ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಟ್ಯಾಕಲ್ ಬಿದ್ದಾಗ ವಾಂತಿಯಾಗುತ್ತದೆ. ಕಡಲೆಕಾಯಿ ಚಿಕ್ಕಿ, ಬೋಂಡ, ಪೂರಿ, ಬಿರಿಯಾನಿ ಇವೂ ಎಣ್ಣೆಕೊಬ್ಬಿನಿಂದ ಹಾಗೇ ನಿಧಾನ. ಬಿರಿಯಾನಿ ಟೂರ್ನಿ ಮುಗಿದ ರಾತ್ರಿಗೆ ಇರಲಿ.

ನೀರಿಗೆ ತೂಕದ ಯಂತ್ರ ಬೇಕು. ಪಂದ್ಯಕ್ಕೆ ಮೊದಲು, ಮುಗಿದ ಮೇಲೆ ತೂಕ ನೋಡಿ. 1 ಕೆ.ಜಿ. ಇಳಿದಿದ್ದರೆ ಸುಮಾರು 1 ಲೀಟರ್ ಬೆವರು ಹೋಗಿದೆ. ಅದಕ್ಕೆ ಒಂದೂಕಾಲರಿಂದ ಒಂದೂವರೆ ಲೀಟರ್ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಮೈತೂಕದ ಶೇ. 2ಕ್ಕಿಂತ ಹೆಚ್ಚು ಇಳಿದವನ ಆಟ ಮಂಕಾಗುತ್ತದೆ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಸಬೇಡಿ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗಬಹುದು. ಲೀಟರ್ ನೀರು ಮಜ್ಜಿಗೆಗೆ ಅರ್ಧ ಟೀ ಚಮಚ, ಅಂದರೆ ಸುಮಾರು 3 ಗ್ರಾಂ ಉಪ್ಪು ಹಾಕಿದರೆ ಸಾಕು. ಓ.ಆರ್.ಎಸ್. ಆದರೆ 20.5 ಗ್ರಾಂ ಪೊಟ್ಟಣವನ್ನು ಪೂರ್ತಿ 1 ಲೀಟರ್‌ಗೇ ಕಲಸಬೇಕು. ಒಂದು ಲೋಟಕ್ಕೆ ಪೊಟ್ಟಣ ಪೂರ್ತಿ ಸುರಿದರೆ ದಾಹ ಇನ್ನೂ ಹೆಚ್ಚಿ ಹೊಟ್ಟೆ ಕೆಡುತ್ತದೆ. ತಿಪಟೂರು ಸೀಮೆಯಲ್ಲಿ ಎಳನೀರಿಗೆ ಬರವಿಲ್ಲ, ಕುಡಿಯಿರಿ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ. ಅದಕ್ಕಾಗಿ ಎಳನೀರಿನ ಜೊತೆ ಉಪ್ಪಿನ ಅಂಶ ಇರುವ ತಿಂಡಿಯೂ ಬೇಕು.

ತಿಂದ ಮೇಲೆ ಕಾಲು ಎತ್ತರಕ್ಕಿಟ್ಟು 40 ನಿಮಿಷ ಮಲಗಲಿ. ಗ್ಯಾಲರಿಯಲ್ಲಿ ಬಿಸಿಲಿಗೆ ಕೂತು ಬೇರೆ ಪಂದ್ಯ ನೋಡುವುದರಲ್ಲಿ ಅರ್ಧ ಶಕ್ತಿ ಹೋಗುತ್ತದೆ. ಮೊದಲ ಪಂದ್ಯಕ್ಕೆ 20–25 ನಿಮಿಷ ವಾರ್ಮ್‌ಅಪ್ ಮಾಡಿದ್ದರೆ ಎರಡನೆಯದಕ್ಕೆ, ಮೂರನೆಯದಕ್ಕೆ 10–12 ನಿಮಿಷ ಸಾಕು: ನಿಧಾನ ಓಟ, ನಾಲ್ಕು ವೇಗದ ಓಟ, ಇಬ್ಬಿಬ್ಬರಾಗಿ ಹಗುರವಾಗಿ ಭುಜ ತಾಗಿಸುವುದು. ನೋವಿದೆ ಎಂದು ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆ ನುಂಗಿಸಿ ಇಳಿಸುವುದು ತಪ್ಪು. ನೀರು ಆರಿದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಕೆಡುಕು, ಜೊತೆಗೆ ಗಾಯ ಹೆಚ್ಚುತ್ತಿದೆ ಎಂದು ಹೇಳುವ ನೋವನ್ನೇ ಮರೆಸುತ್ತವೆ.

ಬಿಸಿಲಿನಲ್ಲಿ ಆಡಿಸಲೇಬೇಕಾದರೆ ಮೈದಾನದ ಪಕ್ಕದಲ್ಲಿ ನೀರು ತುಂಬಿದ ದೊಡ್ಡ ಟಬ್, ಎರಡು ದಪ್ಪ ಮಂಜುಗಡ್ಡೆ, ಹತ್ತು ಟವೆಲ್ ಇರಬೇಕು. ಮಾಮೂಲಿ ದಿನ ಅದು ಕುತ್ತಿಗೆ, ಮುಂಗೈ ತಂಪು ಮಾಡಲು. ಆಟಗಾರ ತೊದಲಿದರೆ, ದಿಕ್ಕು ತಪ್ಪಿ ನಡೆದರೆ, ಸಿಡುಕಿ ಅರ್ಥವಿಲ್ಲದ್ದು ಮಾತಾಡಿದರೆ ಅದು ಉಷ್ಣಾಘಾತ ಎಂದೇ ತಿಳಿಯಿರಿ. ಒಳಗಿನ ಉಷ್ಣತೆ 40 ಡಿಗ್ರಿ ದಾಟಿರಬಹುದು. 108ಕ್ಕೆ ಕರೆ ಮಾಡಿ, ಆದರೆ ಆಂಬುಲೆನ್ಸ್ ಬರುವ ತನಕ ಕಾಯದೆ ಕುತ್ತಿಗೆ ತನಕ ತಣ್ಣೀರಿನ ಟಬ್‌ನಲ್ಲಿ ಕೂರಿಸಿ, ತಲೆ ಹಿಡಿದುಕೊಳ್ಳಿ. ಮೊದಲು ತಂಪು, ಆಮೇಲೆ ಆಸ್ಪತ್ರೆ.

ಹುಡುಗಿಯರ ತಂಡಕ್ಕೆ ಇನ್ನೊಂದು ತಯಾರಿ ಇದೆ, ಅದು ಎರಡು ತಿಂಗಳು ಮೊದಲೇ ಆಗಬೇಕು: ಹಿಮೋಗ್ಲೋಬಿನ್ ಪರೀಕ್ಷೆ. ಕರ್ನಾಟಕದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. 12ಕ್ಕಿಂತ ಕಡಿಮೆ ಇದ್ದರೆ ಎಷ್ಟು ಓಡಿಸಿದರೂ ಮೂರನೇ ಪಂದ್ಯಕ್ಕೆ ಉಸಿರು ಸಿಗುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ಪರೀಕ್ಷೆ ಆಗುತ್ತದೆ, ಮಾತ್ರೆಯೂ ಸಿಗುತ್ತದೆ. ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕವೋ ಸೀಬೆ ಹಣ್ಣೋ ಜೊತೆಗಿರಲಿ. ಮುಟ್ಟಿನ ದಿನಗಳ ಬಗ್ಗೆ ಅವರು ಮುಜುಗರವಿಲ್ಲದೆ ಹೇಳಿಕೊಳ್ಳಲು ತಂಡದ ಜೊತೆ ಒಬ್ಬ ಮೇಡಂ ಇರಲೇಬೇಕು.

ನಿದ್ದೆಯ ವಿಷಯ ಚಿಕ್ಕದು, ಆದರೆ ದುಬಾರಿ. ಟೂರ್ನಿ ಬೆಂಗಳೂರಿನಲ್ಲಿದ್ದರೆ ‘ಹತ್ತಿರವೇ ತಾನೆ’ ಎಂದು ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಬಸ್ ಹತ್ತಿಸುತ್ತಾರೆ. ಹಿಂದಿನ ಸಂಜೆಯೇ ಹೋಗಿ. ಶಾಲೆಯ ಕೊಠಡಿಯಲ್ಲಿ ಜಮಖಾನ ಹಾಸಿ ಮಲಗಿದರೂ ಎಂಟು ಗಂಟೆ ಸಿಗಬೇಕು, ಹತ್ತಕ್ಕೆ ಮೊಬೈಲುಗಳು ಒಂದು ಚೀಲಕ್ಕೆ.

ತಲೆಪೆಟ್ಟಿನಲ್ಲಿ ರಾಜಿ ಇಲ್ಲ. ಬಿದ್ದವನು ಏಳಲು ತಡಮಾಡಿದರೆ, ತೂರಾಡಿದರೆ, ಕಣ್ಣು ಶೂನ್ಯವಾಗಿದ್ದರೆ, ‘ಇದು ಯಾವ ಅವಧಿ? ಕೊನೆಯ ಟ್ರೈ ಯಾರು ಹಾಕಿದರು? ಹಿಂದಿನ ಪಂದ್ಯ ಯಾರ ಮೇಲೆ?’ ಎಂದರೆ ತಡವರಿಸಿದರೆ ಆಚೆ ಕರೆಯಿರಿ. ಅನುಮಾನ ಬಂದರೂ ಸಾಕು. ಆ ದಿನವೂ ಇಲ್ಲ, ಮರುದಿನದ ಫೈನಲ್ಲೂ ಇಲ್ಲ. ವೃತ್ತಿಪರರಲ್ಲದವರು ಮತ್ತೆ ಪಂದ್ಯ ಆಡಲು ಕನಿಷ್ಠ 21 ದಿನ ಕಾಯಬೇಕು ಎನ್ನುತ್ತದೆ ವರ್ಲ್ಡ್ ರಗ್ಬಿ. ಹಲ್ಲಿಗೆ ಹಾಕುವ ಮೌತ್‌ಗಾರ್ಡ್ ಹಲ್ಲು ಕಾಯುತ್ತದೆ, ತಲೆಯ ಸ್ಕ್ರಮ್ ಕ್ಯಾಪ್ ತರಚು ತಪ್ಪಿಸುತ್ತದೆ. ಎರಡೂ ಮಿದುಳಿನ ಪೆಟ್ಟು ತಡೆಯುವುದಿಲ್ಲ. ಪದೇಪದೇ ವಾಂತಿ, ಕತ್ತು ನೋವು, ಕೈಕಾಲು ಜೋಮು, ಒಂದು ಕಣ್ಣಿನ ಪಾಪೆ ದೊಡ್ಡದು, ಫಿಟ್ಸ್ ಇವುಗಳಲ್ಲಿ ಯಾವುದಿದ್ದರೂ 108. ಕತ್ತು ನೋವೆಂದವನನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿಕೊಂಡು ಹೋಗುವುದು ನಮ್ಮ ಮೈದಾನಗಳಲ್ಲಿ ಇನ್ನೂ ನಡೆಯುತ್ತದೆ. ದಯವಿಟ್ಟು ಬೇಡ. ಬಿದ್ದಲ್ಲೇ ತಲೆ ಅಲುಗದಂತೆ ಹಿಡಿದು ಕಾಯಿರಿ, ಪಂದ್ಯ ನಿಲ್ಲಲಿ.

ಎರಡನೇ ದಿನ ಬೆಳಿಗ್ಗೆ ತಂಡ ಆರಿಸುವ ಮುಂಚೆ ಹತ್ತು ನಿಮಿಷ ಪರೀಕ್ಷೆಗೆ ಇಡಿ. ಬೆರಳಿಗೆ ಸೀಮೆಸುಣ್ಣ ಹಚ್ಚಿ ನಿಂತಲ್ಲಿಂದ ಹಾರಿ ಗೋಡೆ ಮುಟ್ಟಲಿ, ಹೊರಡುವ ವಾರ ಅದೇ ರೀತಿ ಅಳೆದ ಎತ್ತರದ ಜೊತೆ ಹೋಲಿಸಿ. 50 ಸೆಂಟಿಮೀಟರ್ ಹಾರುತ್ತಿದ್ದವನು 45ಕ್ಕಿಂತ ಕೆಳಗಿದ್ದರೆ ಅವನು ಬೆಂಚಿನಿಂದ ಶುರು ಮಾಡಲಿ. ಬೆನ್ನ ಮೇಲೆ ಮಲಗಿ ಮಂಡಿ ಮಡಚಿದವನ ಎರಡು ಮಂಡಿಗಳ ನಡುವೆ ಮುಷ್ಟಿ ಇಟ್ಟು ಹಿಸುಕಲು ಹೇಳಿ. ತೊಡೆಯ ಸಂದಿನಲ್ಲಿ ಚುಚ್ಚಿದರೆ ಅವನಿಗೆ ಆ ದಿನ ಕಿಕ್ ಬೇಡ, ಹೆಚ್ಚಿದರೆ ಆಟವೇ ಬೇಡ. ಮೆಟ್ಟಿಲು ಇಳಿಯುವಾಗ ಪಕ್ಕಕ್ಕೆ ತಿರುಗಿ ಇಳಿಯುವವರನ್ನು ಗಮನಿಸಿ. ಟೂರ್ನಿ ಮುಗಿದ ಮೇಲೆ ಮೂರು ದಿನ ನಡಿಗೆ, ಈಜು, ಹಗುರ ಸೈಕಲ್ ಬಿಟ್ಟರೆ ಬೇರೇನೂ ಬೇಡ. ಟ್ಯಾಕಲ್ ಅಭ್ಯಾಸ ಒಂದು ವಾರ ಕಳೆದ ಮೇಲೆ, ಅದೂ ಗೋಡೆಯ ಮೇಲಿನ ಗುರುತು ಹಳೆಯ ಎತ್ತರಕ್ಕೆ ಬಂದವರಿಗೆ ಮಾತ್ರ.